ಹೆಸರಿಲ್ಲದವರ ಕೋಣೆ

ದರ್ಶಕ ಎಂಬ ಯಂತ್ರದ ಉಕ್ಕಿನ ಕೊಕ್ಕು ತಂತಿ ಸುತ್ತಿದ ಪಿಂಗಾಣಿಯ ಆ ಮೊಂಡು ತುಂಡಿನ ಮೇಲೆ ಇಳಿದು, ಸಣ್ಣಗೆ ಗುಂಯ್‌ಗುಟ್ಟಿ, ಸುಮ್ಮನಾಯಿತು. ಕಸ್ತೂರಿ ಹೊಸಮನಿ ಅದರ ಪರದೆಯನ್ನೇ ನೋಡುತ್ತಿದ್ದಳು. ಹೋದ ತಿಂಗಳು ಯಾರೋ ಪುಣ್ಯಾತ್ಮರು ಸಂಗ್ರಹಾಲಯದ ಬಾಗಿಲಲ್ಲಿ ಇಟ್ಟುಹೋದ ತುಂಡು ಅದು. ಏನೆಂದು ಯಾರಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿದವು: ‘ಚಿತ್ರಮಂದಿರದ ದೀಪಗಳನ್ನು ನಿಧಾನವಾಗಿ ಮಂದಗೊಳಿಸುವ ರೋಧಕ. ಬಳಕೆ ದಿನಕ್ಕೆ ನಾಲ್ಕು ಬಾರಿ, ಭಾನುವಾರ ಐದು.’

“ಅಯ್ಯ ಶಿವನ! ಭಾನುವಾರ ಐದಾಟ ಇದ್ದದ್ದೂ ಗೊತ್ತಾತಲ್ರಿ ಇದಕ್ಕ!” ಎಂದು ಕಸ್ತೂರಿ ಚಪ್ಪಾಳೆ ತಟ್ಟಿಯೇಬಿಟ್ಟಳು. ಐವತ್ತು ದಾಟಿದ ಸಂಗ್ರಹಪಾಲಕಿ ಹಾಗೆ ಕುಣಿಯಬಾರದೆಂಬ ನೆನಪು ಆಮೇಲೆ ಬಂತು.

ದರ್ಶಕವನ್ನು ಕಂಡುಹಿಡಿದ ಯದುಪತಿ ಮೈಸೂರಿನವನು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ತನ್ನ ಯಂತ್ರವನ್ನು ಯಾರಾದರೂ ಹೊಗಳಿದರೆ ಕಿವಿ ಕೆಂಪಗಾಗುವಷ್ಟು ನಾಚಿಕೆ ಅವನಿಗೆ. “ಅದೇನು ದೊಡ್ಡದಲ್ಲ ಮೇಡಂ,” ಎಂದ. ದೊಡ್ಡದೇ ಎಂದು ಅವನ ಕಿವಿ ಹೇಳುತ್ತಿತ್ತು.

“ಕರೆಂಟು ಬಿಟ್ಟು ಎಷ್ಟೋ ವರ್ಷ ಆಗೇತಿ. ಸತ್ತ ಸಾಮಾನಿನ ಬಾಯಾಗಿಂದ ಇದು ಹೆಂಗ ಮಾತು ತಗೀತೈತ್ರಿ?”

“ವಿದ್ಯುತ್ತು ಹರಿದ ಕಡೆಯೆಲ್ಲ ಲೋಹದೊಳಗೆ ಕಣ್ಣಿಗೆ ಕಾಣದ ಗೆರೆ ಉಳಿಯುತ್ತೆ. ಪ್ರವಾಹರೇಖೆ ಅಂತ ಹೆಸರಿಟ್ಟಿದ್ದೀನಿ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಹಳೇ ಗೆರೆ ಮೇಲೆ ಹೊಸ ಗೆರೆ ಬೀಳುತ್ತೆ. ಗೋಡೆಗೆ ವರ್ಷ ವರ್ಷ ಸುಣ್ಣ ಬಳಿದ ಹಾಗೆ, ಪದರಿನ ಮೇಲೆ ಪದರು. ನನ್ನ ದರ್ಶಕ ಮೇಲಿನ ಮೂವತ್ತು ಪದರು ಓದುತ್ತೆ. ಅದಕ್ಕಿಂತ ಆಳಕ್ಕೆ ಇಳಿಯಲ್ಲ. ಆದರೆ ಅಷ್ಟು ಸಾಕು ಮೇಡಂ. ಒಬ್ಬ ಮನುಷ್ಯ ಮೂವತ್ತು ಸಲ ಏನು ಮಾಡಿದ ಅಂತ ಗೊತ್ತಾದರೆ ಅವನ ಕಸುಬೇನು ಅಂತ ಹೇಳಬಹುದಲ್ಲ?”

ಕಸ್ತೂರಿಗೆ ಇದು ಚೆನ್ನಾಗಿ ತಲೆಗೆ ಹತ್ತಿತು. ತಲೆಗೆ ಹತ್ತಿದಷ್ಟೂ ಅವಳು ಬಾಗಿಲ ಕಡೆ ತಿರುತಿರುಗಿ ನೋಡಿದಳು. ಏಕೆಂದರೆ ಹೊರಗೆ ಲಾರಿ ನಿಂತಿತ್ತು.

ತಾಮ್ರ ಬಂಗಾರದ ಸಾಲಿಗೆ ಸೇರಿಹೋಗಿದ್ದ ಕಾಲ ಅದು. ಗಣಿಗಳು ಬರಿದಾಗಿದ್ದವು. ಊರೂರಿನ ಹಳೆಯ ತಂತಿ, ಹಳೆಯ ಮೋಟಾರು, ಅಜ್ಜಿಯರ ತಾಮ್ರದ ಹಂಡೆ, ಎಲ್ಲವೂ ಕರಗಿ ಹೊಸ ಯಂತ್ರಗಳ ಹೊಟ್ಟೆ ಸೇರುತ್ತಿದ್ದವು. ತಾಮ್ರ ಮಂಡಳಿ ಎಂಬುದೊಂದು ಹುಟ್ಟಿಕೊಂಡು, ವಸ್ತುಸಂಗ್ರಹಾಲಯಗಳಿಗೂ ಕಾಯ್ದೆ ಮಾಡಿತ್ತು. ಏನು ಕೆಲಸ ಮಾಡುತ್ತಿತ್ತು ಎಂದು ಗೊತ್ತಿರುವ ವಸ್ತು ಪರಂಪರೆ, ಅದನ್ನು ಮುಟ್ಟುವಂತಿಲ್ಲ. ಏನೆಂದು ಗೊತ್ತಿಲ್ಲದ್ದು ಗುಜರಿ. ಗುರುತು ಹಿಡಿದು ಸಹಿ ಹಾಕುವ ಅಧಿಕಾರವನ್ನು ಯದುಪತಿಗೆ ಕೊಟ್ಟಿದ್ದರು. ಗುರುತು ಹತ್ತಿದ ಯಂತ್ರದ ಬಿಡಿಭಾಗಗಳನ್ನು ಬೇರ್ಪಡಿಸಬಾರದು ಎಂಬ ಕನಿಕರವೂ ಅದರಲ್ಲಿತ್ತು.

ಹುಬ್ಬಳ್ಳಿಯ ಹಳೆ ಗಿರಣಿಯೊಂದರಲ್ಲಿದ್ದ ಈ ವಿದ್ಯುತ್ ಸಂಗ್ರಹಾಲಯದ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ಅಲ್ಲಿ ಗುರುತು ಹತ್ತದ ಅರವತ್ತು ಚಿಲ್ಲರೆ ವಸ್ತುಗಳು ಮೇಜುಗಳ ಮೇಲೆ ಸಾಲಾಗಿ ಕುಳಿತಿದ್ದವು. ಸುರುಳಿ ಸುತ್ತಿದ ಕಂಬಗಳು, ಪಾದರಸ ತುಂಬಿದ ಗಾಜಿನ ಬುರುಡೆಗಳು, ಹಲ್ಲು ಮುರಿದ ಹಿತ್ತಾಳೆಯ ಚಕ್ರಗಳು, ಯಾತಕ್ಕೂ ಹೊಂದದ ಗೂಟಗಳು. ಸಂಗ್ರಹಾಲಯ ಕಟ್ಟಿದ ಗುರುಪಾದ ಮಾಸ್ತರು ಅದಕ್ಕೆ ಹೆಸರಿಲ್ಲದವರ ಕೋಣೆ ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಗುಜರಿ ಅಂಗಡಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೇ ಆರಿಸಿ ತಂದವರು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. “ಇವನ್ನ ಮಾತ್ರ ಬಿಟ್ಟುಕೊಡಬ್ಯಾಡ ಕಸ್ತೂರಿ,” ಎಂಬುದೇ ಅವರು ಆಸ್ಪತ್ರೆಯಲ್ಲಿ ಆಡಿದ ಕೊನೆಯ ಮಾತು. ಹೆಂಡತಿ ಮಕ್ಕಳ ವಿಷಯ ಎತ್ತಲಿಲ್ಲ ಎಂದು ಮನೆಯವರಿಗೆ ಸಿಟ್ಟೂ ಬಂದಿತ್ತು.

“ಅಕ್ಕಾರ, ಇನ್ನ ಎಷ್ಟೊತ್ತು ಹಿಡೀತೈತ್ರಿ?” ಮಂಡಳಿಯ ಇನ್ಸ್‌ಪೆಕ್ಟರ್ ದಾದಾಪೀರ್ ಬಾಗಿಲಲ್ಲಿ ತಲೆ ಹಾಕಿದ. ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ. “ಸಂಜಿಗೆ ಗದಗಿನ ಭಟ್ಟಿಗೆ ಮುಟ್ಟಬೇಕ್ರಿ ನಾ.”

“ಮುಟ್ಟಿಯಂತ ತಡಿಯಪ್ಪಾ. ನಿನ್ನ ಭಟ್ಟಿ ಎಲ್ಲಿ ಓಡಿ ಹೊಕ್ಕೈತಿ?”

ಯದುಪತಿ ಕೋಣೆಯ ಮೊದಲ ಮೇಜಿಗೆ ಬಂದ. ಸುರುಳಿ ಸುತ್ತಿದ ಕಂಬವೊಂದರ ಮೇಲೆ ಕೊಕ್ಕು ಇಳಿಯಿತು. ಅಕ್ಷರ ಮೂಡಿದವು: ‘ಬಳಕೆ ವರ್ಷಕ್ಕೊಮ್ಮೆ, ಸುಮಾರು ಅರ್ಧ ಗಂಟೆ. ಉದ್ದೇಶ ಗೊತ್ತಾಗಲಿಲ್ಲ.’

“ವಿಚಿತ್ರ,” ಎಂದ ಯದುಪತಿ. ಎರಡನೆಯದಕ್ಕೆ ಇಟ್ಟ. ಅದೇ ಉತ್ತರ. ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಪಾದರಸದ ಬುರುಡೆಗೆ, ಹಲ್ಲಿಲ್ಲದ ಚಕ್ರಕ್ಕೆ. ವರ್ಷಕ್ಕೊಮ್ಮೆ, ಅರ್ಧ ಗಂಟೆ, ಉದ್ದೇಶ ಗೊತ್ತಾಗಲಿಲ್ಲ. ಅವನ ಕಿವಿ ಮತ್ತೆ ಕೆಂಪಗಾಗತೊಡಗಿತು, ಈ ಸಲ ನಾಚಿಕೆಯಿಂದಲ್ಲ. ಮೇಜಿನಿಂದ ಮೇಜಿಗೆ ಓಡಾಡತೊಡಗಿದ. ಕೊನೆಗೆ ಕುರ್ಚಿಯಲ್ಲಿ ಕುಳಿತು, ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಎದ್ದೇಬಿಟ್ಟ.

“ಮೇಡಂ! ಎಲ್ಲವೂ ಒಂದೇ ದಿನ ಓಡಿವೆ! ಎಲ್ಲವೂ! ಆದರೆ ಪ್ರತಿ ವರ್ಷ ಒಂದೇ ತಾರೀಖಲ್ಲ. ಒಮ್ಮೆ ಸೆಪ್ಟೆಂಬರ್ ಕೊನೆ, ಒಮ್ಮೆ ಅಕ್ಟೋಬರ್ ನಡುವೆ. ಹಿಂದೆ ಮುಂದೆ ಸರಿಯುತ್ತೆ. ಯಾಕೆ ಗೊತ್ತಾ? ಚಂದ್ರ! ಇದು ಚಂದ್ರನ ಲೆಕ್ಕ! ಯಾರೋ ಮಹಾನುಭಾವರು ಇಲ್ಲಿ ಚಂದ್ರನನ್ನು ಗಮನಿಸೋ ಯಂತ್ರ ಕಟ್ಟಿದ್ದಾರೆ. ಜಗತ್ತಿನಲ್ಲಿ ಇಂಥದ್ದು ಇನ್ನೊಂದಿಲ್ಲ!”

ಕಸ್ತೂರಿ ಬೆರಳು ಮಡಚಿ ತಿಂಗಳು ಎಣಿಸಿದಳು.

ಯಾವ ದಿನ ಎಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾಗದೆ ಏನು, ತಾನೇ ತಿಂಗಳ ಮೊದಲೇ ಚೆಂಡುಹೂವಿನವಳಿಗೆ ಹೇಳಿಡುತ್ತಿದ್ದವಳು. ಸುಮ್ಮನಿದ್ದರೆ ಏನಾಗುತ್ತದೆ? ಈ ಹುಡುಗ ಚಂದ್ರನ ಯಂತ್ರ ಎಂದು ಬರೆದು ಸಹಿ ಹಾಕುತ್ತಾನೆ. ದಾದಾಪೀರ್ ಖಾಲಿ ಲಾರಿ ಹೊಡೆದುಕೊಂಡು ಹೋಗುತ್ತಾನೆ. ಮಾಸ್ತರಿಗೆ ಕೊಟ್ಟ ಮಾತು ಉಳಿಯುತ್ತದೆ. ಇನ್ನೇನು ಬೇಕು? ಅವಳು ಕಿಟಕಿಯ ತನಕ ಹೋದಳು, ಬಂದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆದರೆ ಇಪ್ಪತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು ಅವಳು. ಗೊತ್ತಿಲ್ಲದ್ದಕ್ಕೆ ಸುಳ್ಳು ಚೀಟಿ ಅಂಟಿಸುವುದಕ್ಕಿಂತ ಚೀಟಿ ಇಲ್ಲದೆ ಬಿಡುವುದೇ ಮರ್ಯಾದೆ ಎಂದು ಮಾಸ್ತರು ಬೈದದ್ದು ಇನ್ನೂ ಕಿವಿಯಲ್ಲಿತ್ತು.

“ಚಂದ್ರನೂ ಅಲ್ಲ, ಸೂರ್ಯನೂ ಅಲ್ಲರಿ ಸರ್,” ಎಂದಳು ಕೊನೆಗೆ. “ಅದು ಖಂಡೇನವಮಿ. ನೀವು ಆಯುಧಪೂಜಿ ಅಂತೀರಲ್ಲ, ಅದು.”

“ಅಂದರೆ?”

“ಅವತ್ತು ಎಲ್ಲಾಕ್ಕೂ ಮಾಲಿ ಹಾಕತೀವಿ. ಆಮ್ಯಾಲೆ ಲಾರಿ ಬ್ಯಾಟರಿ ತಂದು, ಇವನ್ನೆಲ್ಲ ಒಂದರ ಬಾಲ ಇನ್ನೊಂದರ ಬಾಯಿಗೆ ಕಟ್ಟಿ, ಕುಂಕುಮ ಹಚ್ಚಿ ಆರತಿ ಮುಗಿಯೂತನ ಸಣ್ಣಂಗ ಕರೆಂಟು ಹಾಯಿಸತೀವಿ. ಅವತ್ತೊಂದು ದಿನನರ ಯಾರೂ ಖಾಲಿ ಕುಂಡ್ರಬಾರದು ಅಂತ ಮಾಸ್ತರು ಹಚ್ಚಿದ ಪದ್ಧತಿ. ಅವರು ಹೋದಮ್ಯಾಲೆ ನಾನ ನಡಸ್ಕೊಂಡು ಬಂದೀನಿ.”

“ನಾವೂ ಮಾಡತೀವಲ್ರಿ,” ಎಂದ ದಾದಾಪೀರ್ ಬಾಗಿಲಿನಿಂದಲೇ. “ಪೂಜಿ ಆದಮ್ಯಾಲೆ ಲಾರಿ ಚಾಲೂ ಮಾಡಿ ನಿಂಬಿಹಣ್ಣಿನ ಮ್ಯಾಲೆ ಹಾಯಸೂದಿಲ್ಲೇನು? ಸುಮ್ನ ನಿಂದ್ರಿಸಿದ್ರ ಗಾಡಿಗೆ ಬ್ಯಾಸರ ಆಕ್ಕೈತ್ರಿ.”

ಯದುಪತಿ ಕುರ್ಚಿಯಲ್ಲಿ ಕುಸಿದ. ಅವನ ಮುಖ ನೋಡಲಾಗಲಿಲ್ಲ. ಕೈಗೆ ಬಂದಿದ್ದ ಚಂದ್ರ ಜಾರಿ ಹೋಗಿದ್ದ. “ಎಷ್ಟು ವರ್ಷದಿಂದ ಮೇಡಂ?”

“ಮೂವತ್ತರ ಮ್ಯಾಲಾತು. ಇವೆಲ್ಲಾ ಅದಕ್ಕೂ ಮೊದಲ ಬಂದಾವು.”

“ವರ್ಷಕ್ಕೊಂದು ಪದರು. ಮೂವತ್ತು ವರ್ಷಕ್ಕೆ ಮೂವತ್ತು ಪದರು. ನಾನು ಓದೋಕೆ ಆಗೋದೇ ಅಷ್ಟು.” ಅವನು ಮೆಲ್ಲಗೆ ಹೇಳಿದ. “ಇವೆಲ್ಲ ನಿಜವಾಗಿ ದುಡಿದ ಕಾಲ ಅದರ ಕೆಳಗಿದೆ. ಮುಚ್ಚಿಹೋಗಿದೆ. ಪೂಜೆ ಮಾಡದೆ ಮೂಲೆಗೆ ಬಿಸಾಕಿದ್ದಿದ್ದರೆ ಒಂದೊಂದರ ಜಾತಕವನ್ನೂ ಹೇಳಿಬಿಡ್ತಿದ್ದೆ.”

ಕಸ್ತೂರಿ ಸಾಲು ಮೇಜುಗಳತ್ತ ತಿರುಗಿದಳು. ತನ್ನ ಕೈಯಾರೆ! ಮಡಿಸೀರೆ ಉಟ್ಟು, ಉಪವಾಸವಿದ್ದು, ಭಕ್ತಿಯಿಂದ, ವರ್ಷ ವರ್ಷವೂ ತಪ್ಪದೆ, ತಾನೇ ಇವುಗಳ ಬಾಯಿಗೆ ಸುಣ್ಣ ಬಳಿದಿದ್ದಳು. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಮಾಸ್ತರ ಮೇಲೆ, ಖಂಡೇನವಮಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಕಣ್ಣೀರು ಬಂದದ್ದು ದಾದಾಪೀರ್ ಮೊದಲ ಮೇಜಿನ ಸಾಮಾನು ಎತ್ತಿದಾಗ.

“ಬೈಬ್ಯಾಡ್ರಿ ಅಕ್ಕಾರ,” ಎಂದ ಅವನು, ಅವಳ ಮುಖ ನೋಡದೆ. “ನಾ ಆದೇಶದ ಮನಿಶ್ಯಾ.”

ಒಂದೊಂದೇ ವಸ್ತು ಹೊರಗೆ ಹೋಗತೊಡಗಿತು. ಕೋಣೆಯಲ್ಲಿ ಧೂಳು ಎದ್ದಿತು. ಕಸ್ತೂರಿ ನಿಂತಲ್ಲಿ ನಿಲ್ಲಲಾರದೆ, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಯದುಪತಿಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಆದರೂ ಎದ್ದುಹೋಗುವ ಮನಸ್ಸಾಗದೆ, ಉಳಿದ ಸಾಮಾನಿನ ಮೇಲೆ ಕೊಕ್ಕು ಇಟ್ಟು ಗೆರೆಗಳನ್ನು ಸುಮ್ಮನೆ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕುಳಿತ. ಅರ್ಧಕ್ಕಿಂತ ಹೆಚ್ಚು ಸಾಮಾನು ಲಾರಿ ಸೇರಿತ್ತು. ಅಷ್ಟರಲ್ಲಿ ಅವನು ಹುಬ್ಬು ಗಂಟಿಕ್ಕಿದ.

“ಮೇಡಂ, ಬ್ಯಾಟರಿ ಅಂದ್ರಲ್ಲ? ಬೇರೆ ಏನೂ ಇಲ್ಲ ತಾನೆ?”

“ಬ್ಯಾಟರಿ ಒಂದ. ಯಾಕ್ರಿ?”

“ಬ್ಯಾಟರಿಯ ಪ್ರವಾಹ ಅಂದರೆ ನೆಟ್ಟಗೆ ಎಳೆದ ಗೆರೆ ಥರ ಇರಬೇಕು. ಇದು ನಡುಗ್ತಾ ಇದೆ. ನೋಡಿ, ಅರ್ಧ ಗಂಟೆ ಪೂರ್ತಿ ಸಣ್ಣಗೆ ನಡುಕ.” ಅವನು ಏನೋ ಗುಂಡಿ ಒತ್ತಿದ. “ಈ ನಡುಕವನ್ನು ಧ್ವನಿ ಮಾಡಿ ನೋಡೋಣ.”

ದರ್ಶಕದಿಂದ ಬಂದ ಸದ್ದಿಗೆ ಇಬ್ಬರೂ ಬೆಚ್ಚಿ ಹಿಂದೆ ಸರಿದರು. ಢಣ್, ಢಣ್, ಢಣ್, ಢಣ್! ಕಿವಿ ಕಿತ್ತುಹೋಗುವಂತೆ ಜಾಗಟೆ.

“ಅಯ್ಯ, ಅದು ನಾನ!” ಎಂದಳು ಕಸ್ತೂರಿ, ಗಲ್ಲದ ಮೇಲೆ ಕೈಯಿಟ್ಟು. ಜಾಗಟೆ ಬಾರಿಸುವುದು ಸೇರಿದ ವರ್ಷದಿಂದಲೂ ಅವಳ ಪಾಲಿನ ಕೆಲಸ. ಆಫೀಸಿನವರೆಲ್ಲ ಕಿವಿ ಮುಚ್ಚಿಕೊಳ್ಳುವಂತೆ ಬಾರಿಸುತ್ತಿದ್ದಳು.

“ಇಲ್ಲಿ ಯಾವುದೋ ಒಂದು ವಸ್ತು ಸದ್ದು ಕೇಳಿಸ್ಕೊಂಡಿದೆ ಮೇಡಂ! ಕೇಳಿದ್ದನ್ನ ಕರೆಂಟಿಗೆ ಹೇಳಿದೆ. ಒಂದಕ್ಕೊಂದು ಮಾಲೆ ಹಾಗೆ ಕಟ್ಟಿದ್ರಲ್ಲ, ಅದಕ್ಕೇ ಎಲ್ಲದರ ಮೈಯಲ್ಲೂ ಅದು ಗೆರೆಯಾಗಿ ಕೂತಿದೆ!” ಯದುಪತಿ ಆಗಲೇ ಇನ್ನೊಂದು ಗುಂಡಿ ಒತ್ತುತ್ತಿದ್ದ. “ತಡೀರಿ, ಜಾಗಟೆಗೆ ಒಂದೇ ಸ್ವರ. ಅದನ್ನ ಬಸಿದು ಬಿಡೋಣ. ಹಿಂದೆ ಏನೋ ಇದೆ.”

ಜಾಗಟೆ ಬಸಿದು ಹೋಯಿತು. ಅದರ ಹಿಂದಿನಿಂದ ಹರಕು ಹರಕಾಗಿ ಒಂದು ದನಿ ಬಂತು. ತೂತು ಬಿದ್ದ ಬಟ್ಟೆಯ ಹಾಗೆ. ಒಂದು ಅಕ್ಷರ ಇದ್ದರೆ ಎರಡು ಇಲ್ಲ. ಆದರೂ ಕಸ್ತೂರಿಗೆ ಗುರುತು ಹತ್ತಿತು.

“ಮಾಸ್ತರು,” ಎಂದಳು. ಕುಂಕುಮ ಹಚ್ಚುತ್ತ ಅವರು ಬಾಯೊಳಗೇ ಏನೋ ಗೊಣಗುತ್ತಿದ್ದರು. ಮಂತ್ರ ಎಂದುಕೊಂಡಿದ್ದಳು. ಜಾಗಟೆಯ ಅಬ್ಬರದಲ್ಲಿ ಒಂದು ಸಲವೂ ಕೇಳಿಸಿರಲಿಲ್ಲ. ಈಗ ಅವಳು ದರ್ಶಕದ ಹತ್ತಿರ ಬಗ್ಗಿದಳು. “ಅವು ಏನು ಅಂತ ಅವರಿಗೆ ಗೊತ್ತಿತ್ತೇನೋ! ಅದನ್ನ ಹೇಳತಿದ್ರೇನೋ! ಯಾಕ ಹಿಂಗ ಹರಕ ಬರತೈತಿ?”

“ಪೂರ್ತಿ ದನಿ ಒಂದರಲ್ಲೇ ಇಲ್ಲ ಮೇಡಂ. ಕಬ್ಬಿಣದ ತಿರುಳಿರೋದು ತಗ್ಗಿನ ದನಿ ಹಿಡಿದುಕೊಳ್ಳುತ್ತೆ, ಸಣ್ಣ ತಂತಿಯ ಸುರುಳಿ ಏರುದನಿ ಹಿಡಿದುಕೊಳ್ಳುತ್ತೆ. ಒಂದೊಂದರ ಹತ್ತಿರ ಒಂದೊಂದು ಚೂರು. ಆಗ ನಾನು ತಾರೀಖಷ್ಟೇ ಓದಿಕೊಂಡಿದ್ದು. ಮಿಕ್ಕ ಚೂರು…” ಅವನು ಬಾಗಿಲ ಕಡೆ ನೋಡಿದ. “ಲಾರಿಯಲ್ಲಿದೆ.”

ಕಸ್ತೂರಿ ಓಡಿದಳು. ಆ ವಯಸ್ಸಿನಲ್ಲಿ, ಆ ಸೀರೆಯಲ್ಲಿ, ಅಂಗಳ ದಾಟಿ ಓಡಿದಳು. ದಾದಾಪೀರ್ ಆಗಲೇ ಹಿಂಬಾಗಿಲು ಹಾಕಿ ಸ್ಟಿಯರಿಂಗ್ ಮುಂದೆ ಕುಳಿತಿದ್ದ. ಅವಳು ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತಳು.

“ಇಳೀ ತಮ್ಮಾ, ಇಳೀ! ಒಂದ ಮಾತು ಕೇಳಿ ಹೋಗು. ಆಮ್ಯಾಲೆ ನನ್ನ ಮ್ಯಾಲೆ ಹಾಯಿಸ್ಕೊಂಡು ಬೇಕಾದ್ರ ಹೋಗು.”

ಅವನು ಗೊಣಗುತ್ತ ಇಳಿದ, ಗೊಣಗುತ್ತ ಒಳಗೆ ಬಂದ. ಹರಕು ದನಿ ಕೇಳಿದ. ತಿರುಗಿ ಹೊರಗೆ ಹೋಗಿ ಸುರುಳಿಯ ಕಂಬವನ್ನು ಹೊತ್ತು ತಂದ. ಕೊಕ್ಕು ಇಟ್ಟು ಅದರ ಗೆರೆಯನ್ನೂ ಸೇರಿಸಿದಾಗ ಒಂದು ತೂತು ಮುಚ್ಚಿತು. ಇನ್ನೊಂದು ತಂದ, ಇನ್ನೊಂದು. ಆಮೇಲಾಮೇಲೆ ಅವನಿಗೇ ತಡೆಯಲಾಗಲಿಲ್ಲ. ಎರಡೂ ಕಂಕುಳಲ್ಲಿ ಒಂದೊಂದು ಇರುಕಿಕೊಂಡು ಓಡೋಡಿ ಬಂದ. ಕೊನೆಯ ಪಾದರಸದ ಬುರುಡೆ ಮೇಜಿಗೆ ಬಂದಾಗ ಗುರುಪಾದ ಮಾಸ್ತರು ಇಡಿಯಾಗಿ ಮಾತಾಡಿದರು.

“ಬಾರವಾ ಸಾವಂತ್ರಿ, ಹಣಿ ತೋರ್ಸು. ಈ ವರ್ಷನೂ ನೀ ಏನಂತ ಗೊತ್ತಾಗಲಿಲ್ಲ ನೋಡು. ಸಿಟ್ಟಾಗಬ್ಯಾಡ. ಏ ದುಂಡಪ್ಪಾ, ಅಲುಗಾಡಬ್ಯಾಡೋ, ಕುಂಕುಮ ಮೂಗಿಗೆ ಹತ್ತತೈತಿ. ನಿನ್ನ ಫೋಟೋ ಹಿಡಕೊಂಡು ಬೆಳಗಾವಿತನ ಹೋಗಿ ಬಂದೆ, ಯಾರೂ ಹೇಳಲಿಲ್ಲ. ಬರೋ ವರ್ಷ ನೋಡೂಣು. ನಿಂಗವ್ವಾ, ನಿನ್ನೂ ಅಷ್ಟ. ಬರೋ ವರ್ಷ…”

ಕಸ್ತೂರಿಗೆ ನಗುವೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕೋ ತಿಳಿಯಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ! ಒಂದೊಂದಕ್ಕೂ ಮಕ್ಕಳಿಗೆ ಇಟ್ಟ ಹಾಗೆ ಹೆಸರಿಟ್ಟು, ವರ್ಷಕ್ಕೊಮ್ಮೆ ಕ್ಷಮೆ ಕೇಳುತ್ತಿದ್ದರು, ಅಷ್ಟೆ. ಅರವತ್ತು ಚಿಲ್ಲರೆ ಹೆಸರು. ಒಂದನ್ನೂ ಮರೆತಿರಲಿಲ್ಲ.

“ಇನ್ನ ನೀನು ಕಿವುಡಿ,” ಎಂದಿತು ದನಿ. ಈಗ ಅದು ತೀರ ಹತ್ತಿರದಿಂದ, ಕಿವಿಗೆ ಬಾಯಿಯಿಟ್ಟಂತೆ ಬಂತು. “ಎಲ್ಲಾರೂ ಕರೆಂಟು ಕೊಟ್ರ ಬಿಸಿನರ ಆಕ್ಕಾರ, ಗುಂಯ್ ಅನ್ನತಾರ. ನೀ ಮಾತ್ರ ಕಲ್ಲು. ಏನು ಹೇಳಿದ್ರೂ ಕೇಳಂಗಿಲ್ಲ. ಇರ್ಲಿ ಬಿಡವಾ, ನಿನಗೂ ಕುಂಕುಮ.”

“ಯಾವುದು ಅದು?” ಯದುಪತಿ ಕೂಗಿಯೇಬಿಟ್ಟ. “ಇಷ್ಟು ಹತ್ತಿರ ಕೇಳಿಸ್ತಿದೆ ಅಂದರೆ ದನಿ ಹಿಡಿದದ್ದು ಅದೇ! ಪೂಜೆಯ ಸಾಲಿನಲ್ಲಿ ಕೊನೆಗೆ ಯಾವುದು ಇರ್ತಿತ್ತು?”

ಕೊನೆಯ ಮೇಜಿನ ತುದಿಯಲ್ಲಿ ಅಂಗೈಯಗಲದ ಮರದ ಡಬ್ಬಿ. ಅಲುಗಿಸಿದರೆ ಒಳಗೆ ಸಾಸಿವೆಯಂಥದ್ದೇನೋ ಸರಸರ ಎನ್ನುತ್ತಿತ್ತು. ಮುಚ್ಚಳದಂತೆ ಕಾಣುತ್ತಿದ್ದ ಮುಂಭಾಗದ ಮೇಲೆ ಎಣ್ಣೆ, ಕುಂಕುಮ ದಪ್ಪಗೆ ಮೆತ್ತಿಕೊಂಡು ಗಟ್ಟಿಯಾಗಿತ್ತು. ಯದುಪತಿ ಒಂದು ಮೂಲೆಯನ್ನು ಉಗುರಿನಿಂದ ಕೆರೆದ. ಕೆಳಗೆ ಮುಚ್ಚಳವಿರಲಿಲ್ಲ. ತೆಳ್ಳನೆಯ ಅಭ್ರಕದ ಹಾಳೆ ಇತ್ತು.

“ಇಂಗಾಲದ ಧ್ವನಿಗ್ರಾಹಕ,” ಎಂದ. “ಒಳಗಿರೋದು ಇದ್ದಿಲಿನ ಕಾಳು. ಮಾತಾಡಿದರೆ ಹಾಳೆ ನಡುಗುತ್ತೆ, ಹಾಳೆ ನಡುಗಿದರೆ ಕಾಳು ಒತ್ತಿಕೊಳ್ಳುತ್ತವೆ, ಕರೆಂಟು ಹೆಚ್ಚು ಕಡಿಮೆ ಆಗುತ್ತೆ. ತುಂಬಾ ಹಳೆಯ ಟೆಲಿಫೋನಿನ ಬಾಯಿ ಮೇಡಂ ಇದು. ಬಾಯಿ ಏನು ಬಂತು, ಕಿವಿ. ಈ ಕೋಣೆಯಲ್ಲಿ ಕೇಳಿಸ್ಕೋತಿದ್ದವಳು ಇವಳೊಬ್ಬಳೇ.”

ದಾದಾಪೀರ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕಣ್ಣನ್ನೂ ಒರೆಸಿಕೊಂಡನೋ ಏನೋ. “ಒಂದು ಗೊತ್ತಾತು. ಉಳದಾವು?” ಎಂದ. “ಹೆಸರು ಹಿಡದು ಕರದಿದ್ದನ್ನ ಕೇಳಿದಮ್ಯಾಲೆ ಭಟ್ಟಿಗೆ ಹಾಕಾಕ ನನ್ನ ಕೈಲೆ ಆಗಂಗಿಲ್ರಿ. ಆದ್ರ ಮ್ಯಾಲಿನವರಿಗೆ ಏನು ಹೇಳ್ಲಿ?”

“ಗುರುತು ಹತ್ತಿದ ಯಂತ್ರದ ಭಾಗಗಳನ್ನು ಬೇರ್ಪಡಿಸಬಾರದು ಅಂತ ನಿಮ್ಮದೇ ಕಾಯ್ದೆ ಇದೆಯಲ್ಲ?” ಎಂದ ಯದುಪತಿ. “ಇದೆಲ್ಲ ಒಂದೇ ಯಂತ್ರ. ಇವಳು ಕೇಳಿಸ್ಕೊಂಡಳು, ಮಿಕ್ಕವರು ನೆನಪಿಟ್ಟುಕೊಂಡರು. ಒಬ್ಬರನ್ನು ತೆಗೆದರೂ ದನಿ ಹರಿಯುತ್ತೆ. ನೀವೇ ಕೇಳಿದಿರಿ, ನೀವೇ ಹೊತ್ತು ತಂದು ಹೊಲಿದಿರಿ.” ಅವನು ಪರದೆಯ ಮೇಲೆ ‘ಧ್ವನಿಸಂಚಯ’ ಎಂದು ಬರೆದು ಸಹಿ ಹಾಕಿದ. ಸುಳ್ಳು ಚೀಟಿಯಲ್ಲ ತಾನೆ ಎಂದು ಕಸ್ತೂರಿ ಎರಡು ಸಲ ಕೇಳಿದಳು. ಅಲ್ಲ ಎಂದು ಅವನು ಎರಡು ಸಲವೂ ಹೇಳಿದ. ಲಾರಿ ಖಾಲಿ ಹೋಯಿತು.

ಹೊರಡುವ ಮುಂಚೆ ಯದುಪತಿ ಒಂದು ಎಚ್ಚರಿಕೆ ಹೇಳಿದ. ದನಿಯ ನಕಲನ್ನು ತೆಗೆದಿಟ್ಟಾಗಿದೆ. ಆದರೆ ಮೂಲ ಇರುವುದು ಇವುಗಳ ಮೈಯಲ್ಲಿ. ಇನ್ನು ಮುಂದೆ ಖಂಡೇನವಮಿಗೆ ಕರೆಂಟು ಹಾಯಿಸಿದರೆ ಮೇಲೊಂದು ಪದರು ಬಿದ್ದು, ಕೆಳಗೆ ಮಾಸ್ತರ ಒಂದು ವರ್ಷ ಮುಚ್ಚಿಹೋಗುತ್ತದೆ. “ಕುಂಕುಮ ಮಾತ್ರ ಹಚ್ಚಿ ಮೇಡಂ,” ಎಂದ. ಕಸ್ತೂರಿ ಹೂಂ ಎಂದಳು.

ಹೂಂ ಎಂದವಳಿಗೆ ಆಮೇಲೆ ನೆಮ್ಮದಿ ಇರಲಿಲ್ಲ. ಮಾಸ್ತರ ದನಿ ಉಳಿಸಬೇಕೆಂದರೆ ಮಾಸ್ತರು ಹಚ್ಚಿದ ಪದ್ಧತಿ ಮುರಿಯಬೇಕು. ಪದ್ಧತಿ ಉಳಿಸಬೇಕೆಂದರೆ ವರ್ಷಕ್ಕಿಷ್ಟರಂತೆ ದನಿ ಹೂಳಬೇಕು. ಇದೆಂಥ ಇಕ್ಕಟ್ಟು! ಚೆಂಡುಹೂವಿಗೆ ಹೇಳಿದಳು, ಬ್ಯಾಟರಿಗೆ ಹೇಳಲಿಲ್ಲ. ಮತ್ತೆ ಬ್ಯಾಟರಿಗೂ ಹೇಳಿದಳು. ತರಿಸಿ ಮೂಲೆಯಲ್ಲಿ ಇಟ್ಟು ಅದರ ಮೇಲೆ ಚಾದರ ಮುಚ್ಚಿದಳು.

ಖಂಡೇನವಮಿಯ ಬೆಳಿಗ್ಗೆ ಎಲ್ಲಕ್ಕೂ ಕುಂಕುಮ ಹಚ್ಚಿ ಮುಗಿಯಿತು. ಅರವತ್ತು ಚಿಲ್ಲರೆ ಮಂದಿ ಮಾಲೆ ಹಾಕಿಕೊಂಡು, ಹಣೆ ತುಂಬ ಕುಂಕುಮ ಬಳಿದುಕೊಂಡು, ತಣ್ಣಗೆ ಕುಳಿತಿದ್ದರು. ಕಸ್ತೂರಿ ಅವುಗಳ ಮುಂದೆ ಅತ್ತಿಂದಿತ್ತ ಓಡಾಡಿದಳು. ಹಬ್ಬದ ದಿನ ಮನೆಯ ಮಕ್ಕಳನ್ನು ಉಪವಾಸ ಕೂರಿಸಿದಂತೆ ಅವಳಿಗೆ ಅನ್ನಿಸಿತು. ಇವು ಖಾಲಿ ಕುಳಿತಿರುವುದನ್ನು ನೋಡಿದ್ದರೆ ಮಾಸ್ತರು ತಮ್ಮ ದನಿಗೆ ಬೆಂಕಿ ಬೀಳಲಿ ಎನ್ನುತ್ತಿದ್ದರು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಚಾದರ ಕಿತ್ತೆಸೆದು, ಒಂದರ ಬಾಲ ಇನ್ನೊಂದರ ಬಾಯಿಗೆ ಕಟ್ಟಿದಳು. ಜಾಗಟೆಯನ್ನು ಮೊಳೆಯಿಂದ ಇಳಿಸಲೇ ಇಲ್ಲ. ಕಿವುಡಿಯ ಮುಖಕ್ಕೆ ಕುಂಕುಮ ಹಚ್ಚಿರಲಿಲ್ಲ, ಮರದ ಅಂಚಿಗಷ್ಟೇ ಒಂದು ಬೊಟ್ಟು ಇಟ್ಟಿದ್ದಳು. ಸ್ವಿಚ್ ಹಾಕಿದಳು. ಯಾವುದೋ ಸುರುಳಿ ಗುಂಯ್ ಎಂದಿತು. ಅವಳು ಮಾಸ್ತರ ಹಾಗೆಯೇ ಮೊದಲಿನಿಂದ ಒಂದೊಂದರ ಮುಂದೆ ನಿಂತು, ಸಾವಂತ್ರಿ, ದುಂಡಪ್ಪ, ನಿಂಗವ್ವ ಎಂದು ಹೆಸರು ಹಿಡಿದು ಕರೆಯುತ್ತ ಕೊನೆಯ ಮೇಜಿಗೆ ಬಂದಳು. ಅಲ್ಲಿ ಬಗ್ಗಿ, ಅಭ್ರಕದ ಹಾಳೆಗೆ ಬಾಯಿ ಹತ್ತಿರ ತಂದು, ಎಲ್ಲರಿಗೂ ಕೇಳಿಸಲಿ ಎಂದು ಸಾವಕಾಶ ಹೇಳಿದಳು:

“ಮಾಸ್ತರ, ಈ ವರ್ಷ ಒಬ್ಬಾಕಿ ಗೊತ್ತಾದ್ಲು ನೋಡ್ರಿ. ಉಳದಾವ್ರು ಯಾರೂ ಸಿಟ್ಟಾಗಬ್ಯಾಡ್ರಿ. ಬರೋ ವರ್ಷ ನೋಡೂಣು.”

ಕಿವುಡಿ ಎಂದಿನಂತೆ ಅಲುಗಲಿಲ್ಲ, ಬಿಸಿಯಾಗಲಿಲ್ಲ, ಗುಂಯ್ ಎನ್ನಲೂ ಇಲ್ಲ.